ಮೀನಖಂಡಕ್ಕೆ ಕೇಳದಂತೆ

ಮಧುವನಹಳ್ಳಿಯ ಪುಟ್ಟಬಸಮ್ಮನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಜೋಳದ ಹೊಲದಲ್ಲಿ ಆಕೆ ಒಮ್ಮೆ ಕೂಗಿದರೆ ಪಕ್ಕದ ಹೊಲಗಳ ಗಿಣಿಗಳೂ ಎದ್ದು ಹೋಗುತ್ತಿದ್ದವು. ಗಂಡ ಪುಟ್ಟಮಲ್ಲಪ್ಪನದು ದಿನಕ್ಕೆ ನಾಲ್ಕು ಮಾತು. ಅವನಿಗೆ ಸರದಿಯೇ ಸಿಗುತ್ತಿರಲಿಲ್ಲ.

ಇವರ ಒಬ್ಬಳೇ ಮಗಳು ಯಶೋದ. ಹುಟ್ಟಿದಾಗ ತಡವಾಗಿ ಅತ್ತ ಮಗು. ಮೂರು ವರ್ಷಕ್ಕೆ ಗೋಡೆ ಹಿಡಿದು ನಿಂತಳು, ಆದರೆ ತುದಿಗಾಲಿನಲ್ಲಿ. ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ.

೧೯೯೧ರಲ್ಲಿ, ಅವಳಿಗೆ ನಾಲ್ಕು ತುಂಬಿದಾಗ, ಕೊಳ್ಳೇಗಾಲದಲ್ಲಿ ಇಂಥ ಮಕ್ಕಳಿಗೊಂದು ಶಿಬಿರ ನಡೆಯಿತು. ಅಲ್ಲಿನ ಡಾಕ್ಟರು ಯಶೋದಳನ್ನು ಬೆಂಚಿನ ಮೇಲೆ ಮಲಗಿಸಿ, ಪಾದವನ್ನು ತಟ್ಟನೆ ಮೇಲಕ್ಕೆ ಒತ್ತಿ ಹಿಡಿದರು. ಪಾದ ತಾನಾಗಿಯೇ ದಡದಡ ಕುಣಿಯತೊಡಗಿತು. ಪುಟ್ಟಬಸಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು.

"ಮೈಮ್ಯಾಕೆ ಬಂದದೆ ಸಾ! ಯಾವ ದೇವ್ರು ಅಂತ ಕೇಳಿ!"

"ದೇವರಲ್ಲಮ್ಮ, ಮೀನಖಂಡ."

"ಅಯ್ಯೋ, ನಾವು ಮೀನು ಮುಟ್ಟೋರಲ್ಲ ಸಾ!"

ಡಾಕ್ಟರು ನಗು ತಡೆದುಕೊಂಡು ಮೊಣಕಾಲಿನ ಕೆಳಗೆ, ಹಿಂಬದಿಯ ಮಾಂಸಖಂಡವನ್ನು ಮುಟ್ಟಿ ತೋರಿಸಿದರು. ಮಿದುಳಿಗೆ ಪೆಟ್ಟಾಗಿರುವುದರಿಂದ 'ಸುಮ್ಮನಿರು' ಎಂಬ ಅದರ ಮಾತು ಈ ಖಂಡಕ್ಕೆ ಸರಿಯಾಗಿ ಮುಟ್ಟುತ್ತಿಲ್ಲ. ರಭಸವಾಗಿ ಎಳೆದರೆ ಬೆಚ್ಚಿ ಬಿಗಿಯುತ್ತದೆ, ನಿಧಾನವಾಗಿ ಎಳೆದರೆ ಸಡಿಲವಾಗುತ್ತದೆ ಎಂದರು. ದಿನಾ ಎರಡು ಹೊತ್ತು ಹಾಗೆ ಎಳೆದು ಹಿಡಿಯಬೇಕಂತೆ.

"ಜೋರು ಸದ್ದಿಗೂ ಬಿಗಿಯುತ್ತೆ. ಮನೇಲಿ ಯಾರಾದ್ರೂ ಕೂಗಾಡ್ತಾರಾ?"

"ಯಾರೂ ಇಲ್ಲ ಸಾ!" ಎಂದು ಪುಟ್ಟಬಸಮ್ಮ ಕೂಗಿದಳು. ಯಶೋದಳ ಎರಡೂ ಕಾಲು ಸೆಟೆದವು. ಪುಟ್ಟಮಲ್ಲಪ್ಪ ಮೇಲೆ ಸೂರು ನೋಡಿದ.

ಅಂದಿನಿಂದ ಮನೆಯಲ್ಲಿ ಪಿಸುಮಾತು. ಮೂರನೆಯ ದಿನ ಪಕ್ಕದ ಮನೆಯಾಕೆ ಎಳನೀರು ಹಿಡಿದು ಬಂದಳು. "ಏನವ್ವಾ, ಸದ್ದೇ ಇಲ್ಲ, ಉಸಾರಿಲ್ವಾ?"

ಮಗಳ ಪಾದ ಹಿಡಿದಿದ್ದ ಪುಟ್ಟಬಸಮ್ಮ ಪಿಸುಗುಟ್ಟಿದಳು: "ಮೆಲ್ಲಗೆ ಮಾತಾಡು, ಮೀನು ಬೆಚ್ತದೆ."

ಸಂಜೆಯೊಳಗೆ ಆ ಲಿಂಗಾಯತರ ಮನೆಯಲ್ಲಿ ಮೀನು ಸಾಕಿದ್ದಾರೆಂದು ಬೀದಿಯೆಲ್ಲ ಸುದ್ದಿ.

ಪುಟ್ಟಮಲ್ಲಪ್ಪನಿಗೋ ಮಾತಿನ ಕಟ್ಟೆಯೇ ಒಡೆಯಿತು. ಹೆಂಡತಿ ಮಗಳ ಕಾಲು ಹಿಡಿದು ಕೂತಾಗಲೆಲ್ಲ ಮೆಲುದನಿಯಲ್ಲಿ ಕಥೆ ಹೇಳುವನು. ಯಶೋದ ನಗುವಳು, ಕಾಲು ಸಡಿಲವಾಗುವುದು. ಒಮ್ಮೆ ಧೈರ್ಯ ಮಾಡಿ, "ನಿನ್ ಸಾರ್ಗೆ ಉಪ್ಪೇ ಇರಾಕಿಲ್ಲ" ಎಂದುಬಿಟ್ಟ. ಪುಟ್ಟಬಸಮ್ಮ ಹಲ್ಲು ಕಚ್ಚಿ ಎದ್ದು ಹೊಲಕ್ಕೆ ಹೋಗಿ, ಅಷ್ಟನ್ನೂ ಗಿಣಿಗಳಿಗೆ ಬೈದು ಬಂದಳು.

ಮೂರು ವರ್ಷ ಹೀಗೇ ನಡೆಯಿತು. ಮೈಸೂರಿನಿಂದ ಪಟ್ಟಿ ಕಟ್ಟಿದ ಬೂಟು ಬಂತು. ಏಳನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಯಶೋದ ಗೋಡೆ ಬಿಟ್ಟು ಅಂಗಳಕ್ಕೆ ನಡೆದಳು. ಬಲ ಹಿಮ್ಮಡಿ ಊರಿತು. ಒಂದು, ಎರಡು, ಆರು ಹೆಜ್ಜೆ. ಪುಟ್ಟಬಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನಮ್ ಮಗ್ಳು ನಡದ್ಲು ಕಣ್ರಪ್ಪೋ!"

ಕಿರುಚಿದವನು ಪುಟ್ಟಮಲ್ಲಪ್ಪ. ಯಶೋದ ಬೆಚ್ಚಿ, ಸೆಟೆದು, ದೊಪ್ಪನೆ ಕೂತಳು. ಪುಟ್ಟಬಸಮ್ಮ ಸೆರಗು ತೆಗೆದು ಗಂಡನ ಬೆನ್ನಿಗೊಂದು ಗುದ್ದಿದಳು. ಮಗಳು ಕೂತಲ್ಲೇ ಬಿದ್ದು ಬಿದ್ದು ನಕ್ಕಳು.

ಎಡ ಹಿಮ್ಮಡಿ ಕೊನೆಗೂ ಪೂರ್ತಿ ಊರಲಿಲ್ಲ. ೨೦೦೪ರಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಯಶೋದ, ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಒಬ್ಬಳೇ ನಡೆದು ಹೋದಳು. ಉಳಿದವರಿಗೆ ಹತ್ತು ನಿಮಿಷದ ದಾರಿ, ಅವಳಿಗೆ ಅರ್ಧ ಗಂಟೆ. ಜೊತೆಗೆ ಬರುತ್ತೇನೆಂದ ಅವ್ವನನ್ನು ಅವಳು ಬಸ್ಸನ್ನೇ ಹತ್ತಗೊಡಲಿಲ್ಲ.