ಬಿಡಿಯಿಂದ ಶುರು

ನಿನ್ನೆ ನಮ್ಮ ಹಾನಗಲ್ಲಿನ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹತ್ತು ಲಕ್ಷ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಪಂದ್ಯ ನಡೆಯಿತು. ವರ್ಷಗಟ್ಟಲೆ ನಾನು ಪಾಠದಲ್ಲಿ ಹೊಗಳಿಕೊಂಡು ಬಂದ, ದೊಡ್ಡದು ಚಿಕ್ಕದೆಂದು ಒಡೆಯುತ್ತ ಹೋಗುವ ಕ್ವಿಕ್ ಸಾರ್ಟ್ ವಿಧಾನ, ಸವಣೂರಿನ ಹುಡುಗಿಯೊಬ್ಬಳು ಬರೆದ, ಒಂದೊಂದೇ ಅಂಕಿ ನೋಡಿ ಹಂಚುವ ರ‍್ಯಾಡಿಕ್ಸ್ ಸಾರ್ಟಿನೆದುರು ಸೋತಿತು. ಹುಡುಗರು ನನ್ನ ಮುಖ ನೋಡಿದರು. ನನಗೆ ನಗು ಬಂತು. ಈ ಸೋಲು ನನಗೆ ಹೊಸದಲ್ಲ ನೋಡಿ. ಮೊದಲು ಸೋಲಿಸಿದವರು ಗ್ರಂಥಾಲಯದ ಸಹಾಯಕಿ ಶಾಂತಕ್ಕ.

ಆಗ ನಾನು ಕೆಲಸಕ್ಕೆ ಹೊಸಬ. ಸುಣ್ಣ ಬಳಿಯುವವರ ಏಣಿ ತಾಗಿ ಪುಸ್ತಕದ ಕಾರ್ಡುಗಳ ಡಬ್ಬಿಗಳೆಲ್ಲ ಉರುಳಿದ್ದವು. ಎಂಟುನೂರು ಚಿಲ್ಲರೆ ಕಾರ್ಡು, ಪ್ರತಿಯೊಂದರ ಮೇಲೂ ಮೂರಂಕಿಯ ಸಂಖ್ಯೆ. ಮರುದಿನ ತಪಾಸಣೆಯವರು ಬರುವವರಿದ್ದರು. ಶಾಂತಕ್ಕನ ಊರಾದ ತಿಳವಳ್ಳಿಗೆ ಕೊನೆಯ ಬಸ್ಸು ಸಂಜೆ ಆರಕ್ಕೆ.

ನಾನು ಅಂಗಿಯ ತೋಳು ಮಡಚಿದೆ. ಐನೂರರೊಳಗಿನವು ಎಡಕ್ಕೆ, ಉಳಿದವು ಬಲಕ್ಕೆ. ಅದರಲ್ಲಿ ಮತ್ತೆ ಅರ್ಧ, ಮತ್ತೆ ಅರ್ಧ. ಅರ್ಧ ತಾಸಿನಲ್ಲಿ ನೆಲದ ತುಂಬ ಸಣ್ಣ ಸಣ್ಣ ಗುಡ್ಡೆಗಳಾಗಿ, ಕಾಲಿಡಲು ಜಾಗವಿಲ್ಲದೆ ನಾನು ನಡುವೆ ಸಿಕ್ಕಿಬಿದ್ದೆ. ಶಾಂತಕ್ಕ ಎಲ್ಲವನ್ನೂ ಬಳಿದುಕೊಂಡು, ಕೊನೆಯ ಅಂಕಿ ನೋಡಿ ಹತ್ತು ಗುಡ್ಡೆ ಮಾಡತೊಡಗಿದರು.

"ಶಾಂತಕ್ಕ, ಬಿಡಿ ಅಂಕಿಯಿಂದ ಯಾರಾದ್ರೂ ಶುರು ಮಾಡ್ತಾರೇನ್ರಿ? ನೂರಿಂದ ಹಿಡೀರಿ."

"ನೋಡಕೋಂತ ಇರ್ರಿ ಸರ್."

ಗುಡ್ಡೆಗಳನ್ನು ಸೊನ್ನೆಯಿಂದ ಒಂಬತ್ತರವರೆಗೆ ಒಂದರ ಕೆಳಗೊಂದು ಕೂಡಿಸಿ, ಈಗ ನಡುವಿನ ಅಂಕಿಯಂತೆ ಮತ್ತೆ ಹತ್ತು ಗುಡ್ಡೆ ಹಂಚಿದರು. ಸುಮ್ಮನಿರಲಾರದೆ ನಾನೇ ಒಂದೊಂದು ಗುಡ್ಡೆಯನ್ನೂ ಬಾಚಿ, ಅಂಚು ಸಮವಾಗಲೆಂದು ಇಸ್ಪೀಟಿನ ಎಲೆಯಂತೆ ಕಲಸಿ ಕೊಟ್ಟೆ.

ಆಕೆ ಕಾರ್ಡುಗಳನ್ನು ನೋಡಿದರು, ನನ್ನನ್ನೂ ನೋಡಿದರು. "ಗುಡ್ಡಿಯೊಳಗ ಮೊದಲ ಬಂದದ್ದು ಮೊದಲ ಇರಬೇಕಾಗಿತ್ರಿ, ಬಿಡಿ ಸಾಲು ಕೆಟ್ಟ ಹೋತು. ಈಗ ಮತ್ತ ಬಿಡಿಯಿಂದನ ಮಾಡಬೇಕು. ನೀವು ಸ್ವಲ್ಪ ಕುಂದರ್ರಿ."

ಕುಳಿತೆ. ಬಿಡಿ, ಹತ್ತು, ನೂರು ಎಂದು ಮೂರು ಸುತ್ತು ಮುಗಿಯುವಷ್ಟರಲ್ಲಿ ಎಲ್ಲ ಕಾರ್ಡುಗಳೂ ಸಾಲಾಗಿ ನಿಂತಿದ್ದವು. ಬಸ್ಸು ಮಾತ್ರ ಹೋಗಿತ್ತು. ತಪ್ಪು ನನ್ನದಾದ್ದರಿಂದ ನನ್ನ ಬೈಕಿನಲ್ಲೇ ತಿಳವಳ್ಳಿಗೆ ಕರೆದೊಯ್ದೆ.

"ಇದನ್ನ ಯಾರ ಕಲಿಸಿದ್ರಿ?" ಎಂದೆ ದಾರಿಯಲ್ಲಿ.

"ಯಾರೂ ಇಲ್ರಿ. ಮಾಡಿ ಮಾಡಿ ಕೈಗೆ ಬಂದೈತಿ. ಹಂಗಾರ ನೀವು ಹುಡುಗ್ರಿಗೆ ನಿಮ್ಮದನ್ನ ಯಾಕ ಕಲಿಸ್ತೀರಿ?"

"ಸಂಖ್ಯಾ ಎಷ್ಟು ಅಂಕಿದು ಅಂತ ಗೊತ್ತಿಲ್ಲದಾಗ ನಮ್ಮದು ಚಲೋರಿ."

"ಇವತ್ತ ಗೊತ್ತಿತ್ತಲ್ರಿ."

ನಾನು ಗೇರು ಬದಲಿಸಿದೆ.

ಶಾಂತಕ್ಕನ ಈ ವಿಧಾನವೇ ರ‍್ಯಾಡಿಕ್ಸ್ ಸಾರ್ಟ್; ನಮ್ಮ ಪಠ್ಯದಲ್ಲಿ ಅದಕ್ಕಿರುವುದು ಅರ್ಧ ಪುಟ. ಅದನ್ನು ನಾನು ಯಾವಾಗಲೂ ಗಂಟೆ ಹೊಡೆಯುವ ಹೊತ್ತಿಗೆ ಮುಗಿಸಿಬಿಡುತ್ತಿದ್ದೆ. ನಾಳೆಯ ಇಡೀ ತರಗತಿಯನ್ನು ಸವಣೂರಿನ ಹುಡುಗಿಗೇ ಬಿಟ್ಟುಕೊಟ್ಟಿದ್ದೇನೆ. ಹಿಂದಿನ ಬೆಂಚಿನಲ್ಲಿ ನನಗೂ ಒಂದು ಜಾಗ ಹಿಡಿದಿಡಲು ಹುಡುಗರಿಗೆ ಹೇಳಿದ್ದೇನೆ.