ಟಗರು, ಎಮ್ಮಿ ಮತ್ತು ನನ್ನ ಗೇಣು

ಆಗ, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ನಮ್ಮ ಮಾನ್ವಿಗೆ ಬೇಸಿಗೆ ಮೊದಲು ಕಿವಿಗೆ ಬಂತು, ಮೈಗೆ ಆಮೇಲೆ. ಹೋಳಿ ಮುಗಿದ ವಾರದೊಳಗೆ ಒಂದು ಬೆಳಗ್ಗೆ ರಾಯಚೂರು ರಸ್ತೆಯ ಕಡೆಯಿಂದ ಫಟ್ ಫಟ್ ಫಟ್ ಎಂದು ಒಂಟಿ ಸದ್ದು ಓಡಿ ಬಂತು. ಅದು ನಿಂತು ಅರ್ಧ ತಾಸಿಗೆ ಗುಡುಗುಡು ಎಂದು ಜೋಡಿ ಸದ್ದು, ಯಾವ ಅವಸರವೂ ಇಲ್ಲದೆ. ಓಣಿಯ ಹುಡುಗರು "ಬರ್ಫ ಬಂತಲೇ, ಬರ್ಫ!" ಎನ್ನುತ್ತ ಜಾರುವ ಚಡ್ಡಿ ಹಿಡಿದುಕೊಂಡು ಓಡಿದರು. ಮಂಜುಗಡ್ಡೆಗೆ ನಮ್ಮ ಕಡೆ ಬರ್ಫ ಎನ್ನುವುದು. ಒದ್ದೆ ಗೋಣಿಚೀಲ, ಭತ್ತದ ಹೊಟ್ಟು, ಪೆಟ್ರೋಲು ಮೂರೂ ಕೂಡಿದ ಆ ವಾಸನೆ ಆ ಕಾಲ ಕಂಡವರ ಮೂಗಿನಲ್ಲಿ ಇನ್ನೂ ಇದ್ದೀತು. ನನ್ನ ಮೂಗಿನಿಂದಂತೂ ಹೋಗಿಲ್ಲ. ಹೋಗಲಿ ಎಂದು ಬಹಳ ಸಲ ಬೇಡಿಕೊಂಡಿದ್ದೇನೆ.

ನಾನು ಚಿಂತೆಯ ಹೆಂಗಸು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುತ್ತೇನೆ. ಹಾಕಿದ ಬೀಗವನ್ನು ಇನ್ನೊಮ್ಮೆ ಎಳೆದು ನೋಡಲು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು, ಬಸ್ಸು ತಪ್ಪಿಸಿಕೊಂಡಿದ್ದೇನೆ. ಅಂಗಡಿಯವನು ಅಳೆದ ಬಟ್ಟೆಯನ್ನು ಮತ್ತೆ ಅಳೆಯಿಸಿ ಬೈಸಿಕೊಳ್ಳುತ್ತೇನೆ. ಮಕ್ಕಳು ನಗುತ್ತಾರೆ. ಈ ರೋಗ ಎಲ್ಲಿ ಹತ್ತಿತೆಂದು ಅವರಿಗೆ ಹೇಳಿಲ್ಲ.

ಸಂತೆ ಬಜಾರಿನಲ್ಲಿ ಅಪ್ಪನದು ಗೋಲಿಸೋಡಾದ ಅಂಗಡಿ; ಅದರ ಹಿಂದೆಯೇ ನಮ್ಮ ಮನೆ. ಮಗ್ಗುಲಿಗೇ ಖಾಜಾ ಚಾಚಾ ಅವರ ಶರಬತ್ತಿನ ಅಂಗಡಿ. ಚಾಚಾ ದೇವದುರ್ಗದವರು. ಹರೆಯದಲ್ಲಿ ಇಬ್ಬರೂ ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರುಗಳಾಗಿದ್ದರು; ಕಬ್ಬಿಣದ ಹುಚ್ಚು ಅಲ್ಲಿ ಹತ್ತಿದ್ದು. ಯುದ್ಧ ಮುಗಿದ ಮೇಲೆ ದಂಡಿನವರು ಹಳೆ ಗಾಡಿಗಳನ್ನು ಹರಾಜು ಹಾಕಿದಾಗ ಇಬ್ಬರೂ ರೈಲು ಹತ್ತಿ ಸಿಕಂದರಾಬಾದಿಗೆ ಹೋಗಿ, ತಲಾ ಒಂದು ಗುಜರಿ ಫಟಫಟಿ ತಂದರು. ಮೂರು ತಿಂಗಳು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು.

ಅಪ್ಪನದು ಇಂಗ್ಲಿಷರ ಗಾಡಿ. ಹಗುರ, ಒಂದೇ ಸಿಲಿಂಡರು. ಹಾರಿ ಹಾರಿ ಓಡುವುದು. ಅದಕ್ಕೆ ಟಗರು ಎಂದು ಹೆಸರು ಬಿತ್ತು. ಚಾಚಾ ಅವರದು ಅಮೆರಿಕದ್ದು. ಎರಡು ಸಿಲಿಂಡರು, ಹೆಬ್ಬೊಟ್ಟೆ, ಪಕ್ಕಕ್ಕೆ ತೊಟ್ಟಿಲಿನಂಥ ಸೈಡ್‌ಕಾರು. ಅದು ಎಮ್ಮಿ. ರಾಯಚೂರು ಸ್ಟೇಷನ್ನಿನ ಹತ್ತಿರದ ಬರ್ಫಿನ ಕಾರ್ಖಾನೆಗೆ ವಾರಕ್ಕೆರಡು ಸಲ ನಸುಕಿನಲ್ಲೇ ಇಬ್ಬರೂ ಹೋಗುವರು. ಒಂದು ದೊಡ್ಡ ಗಡ್ಡೆಯನ್ನು ಗರಗಸದಿಂದ ಸರಿಯಾಗಿ ನಡುವೆ ಕೊಯ್ಸಿ, ಒಬ್ಬೊಬ್ಬರು ಅರ್ಧ ತರುವರು. ಅಪ್ಪ ಗೋಣಿಯಲ್ಲಿ ಸುತ್ತಿ ಹಿಂದಿನ ಕ್ಯಾರಿಯರಿಗೆ ಬಿಗಿಯುತ್ತಿದ್ದ. ಚಾಚಾ ಸೈಡ್‌ಕಾರಿನಲ್ಲಿ ಹೊಟ್ಟು ತುಂಬಿದ ಮರದ ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಳ ಹಾಕುತ್ತಿದ್ದರು. ಮೂವತ್ತು ಮೈಲಿ ದಾಟಿ ಮಾನ್ವಿಗೆ ಬಂದಾಗ ಯಾರ ಬರ್ಫ ಹೆಚ್ಚು ಉಳಿದಿದೆಯೋ ಅವರ ಗಾಡಿ ಗೆದ್ದಂತೆ. ಸೋತವರು ಗೆದ್ದವರ ಗಾಡಿಯನ್ನು ಬಜಾರಿನ ಮಂದಿಯೆದುರು ಒದ್ದೆ ಬಟ್ಟೆಯಿಂದ ಒರೆಸಬೇಕು.

"ನಿನ್ನ ಎಮ್ಮಿ ಕಲ್ಲೂರಾಗ ಕೆಸರು ಹುಡುಕಾಕತ್ತಿತ್ತೇನೋ ಖಾಜಾ?" ಎಂದು ಅಪ್ಪ ಕೇಳುವನು. ಕಲ್ಲೂರು ದಾರಿಯ ನಡುವಿನ ಊರು.

"ಎಮ್ಮಿ ನಿಧಾನ ಬರ್ತದ ಶರಣಪ್ಪ, ಕೊಡ ತುಂಬ ಕೊಡ್ತದ. ನಿನ್ನ ಟಗರು ಏನು ಕೊಡ್ತದ? ಬರೇ ಹಿಕ್ಕಿ."

ಅಳೆಯುವವಳು ನಾನು. ಇಬ್ಬರೂ ಒಟ್ಟಿಗೆ ಊರು ಮುಟ್ಟುತ್ತಿರಲಿಲ್ಲವಲ್ಲ. ಅಪ್ಪನ ಗಡ್ಡೆ ಬಂದ ಕೂಡಲೇ ಅಳೆದು ಒಡೆದು ಸೋಡಾದ ತೊಟ್ಟಿಗೆ ಹಾಕಿಬಿಡುತ್ತಿದ್ದರು. ಹಾಗಾಗಿ ಎರಡನ್ನು ಮಗ್ಗುಲಿಗಿಟ್ಟು ಯಾರೂ ನೋಡಿರಲಿಲ್ಲ. ನನ್ನ ಒಂಬತ್ತು ವರ್ಷದ ಕೈಯ ಗೇಣೇ ತೀರ್ಪು. ಚಾಚಾ ನನ್ನನ್ನು "ಮುನ್ಸೀಫ್ ಸಾಹೇಬ್ರ" ಎಂದೇ ಕರೆಯುತ್ತಿದ್ದರು. ಗೆದ್ದ ಗಾಡಿಗೆ ಅಂಗಡಿಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ತಂಗಿ ನೀಲಿಗೆ ಆಗ ನಾಲ್ಕು. ಅವಳ ಪಾಲಿಗೆ ಚೂರು ಬರ್ಫ. ಅರ್ಧ ಚೀಪಿ ಉಳಿದರ್ಧವನ್ನು ನಾಳೆಗೆಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವಳು. ಸ್ವಲ್ಪ ಹೊತ್ತಿಗೆ ಒದ್ದೆ ಕಿಸೆಯಲ್ಲಿ ಕೈಯಾಡಿಸಿ, "ಯವ್ವಾ, ನನ್ನ ಬರ್ಫ ಯಾರೋ ಕದ್ದಾರ" ಎಂದು ಅಳುವಳು. ಕಳ್ಳಿ ನಾನೇ ಎಂದು ಅವಳ ಗುಮಾನಿ.

ಮೊದಲ ಮೂರು ಸಲ ನಾನು ಸರಿಯಾಗಿಯೇ ಅಳೆದೆ. ಮೂರೂ ಸಲ ಎಮ್ಮಿಯದೇ ನಾಲ್ಕು ಬೆರಳು ಹೆಚ್ಚು. ಅಪ್ಪ ನಗುತ್ತ ಎಮ್ಮಿಯ ಹೊಟ್ಟೆ ಒರೆಸಿದ, ಮಂದಿ ಸಿಳ್ಳೆ ಹಾಕಿದರು. ಆದರೆ ಮೂರನೆಯ ದಿನ ಮಧ್ಯಾಹ್ನ ಅಪ್ಪ ರೊಟ್ಟಿ ಮುರಿದು ಗಂಗಾಳದಲ್ಲೇ ಬಿಟ್ಟ. ಅಪ್ಪ ಇನ್ನು ಊಟ ಬಿಡುತ್ತಾನೆ, ಸೊರಗುತ್ತಾನೆ, ಸಾಯುತ್ತಾನೆ ಎಂದು ಒಂದೇ ನಿಮಿಷದಲ್ಲಿ ಅಷ್ಟು ದೂರ ಹೋಗಿಬಂದೆ. ಆ ಬಿಸಿಲಿಗೆ ಅವನಿಗೆ ಹಸಿವಾಗಿರಲಿಲ್ಲ, ಅಷ್ಟೆ. ಈಗ ತಿಳಿಯುತ್ತದೆ.

ನಾಲ್ಕನೆಯ ಸಲದಿಂದ ಅಪ್ಪನ ಬರ್ಫಿನ ಮೇಲೆ ನನ್ನ ಗೇಣು ಮುದುಡಿಕೊಂಡಿತು. ಚಾಚಾ ಅವರ ಬರ್ಫಿನ ಮೇಲೆ ಬೆರಳು ನೋಯುವಷ್ಟು ಅಗಲವಾಯಿತು. ಟಗರು ಗೆಲ್ಲತೊಡಗಿತು. ಅಪ್ಪ ಎರಡು ರೊಟ್ಟಿ ಹೆಚ್ಚು ತಿಂದನೆಂದೇ ನನಗೆ ಕಂಡಿತು.

ಒಂದು ದಿನ ನಾನು ಅಳೆಯುವಾಗಲೇ ಚಾಚಾ ನನ್ನ ಕೈ ಹಿಡಿದರು. "ಮುನ್ಸೀಫ್ ಸಾಹೇಬ್ರ ಗೇಣು ಇವತ್ತು ಬಾಳ ಉದ್ದ ಆಗ್ಯಾದಲ್ಲ? ಮುಂಜಾನಿ ಏನು ತಿಂದಿ ಬೇಟಿ?"

"ರೊಟ್ಟಿ, ಪುಂಡಿಪಲ್ಲೆ."

ಅವರು ನನ್ನ ಕಿರುಬೆರಳನ್ನು ಮೆಲ್ಲಗೆ ಅಲ್ಲಾಡಿಸಿ ಬಿಟ್ಟರು. "ಹಂಗಾದ್ರ ಸರಿ," ಎಂದು ಟಗರನ್ನು ಒರೆಸಲು ಬಟ್ಟೆ ಹುಡುಕಿದರು. ಹೊಗಳುತ್ತ ಒರೆಸಿದರು: "ಕ್ಯಾ ಬಾತ್ ಹೈ! ನೋಡ್ರಿ, ಟಗರಿಗೆ ಕೊಂಬೂ ಬಂದಾವ." ಗೋಡೆಯ ಮೇಲೆ ಟಗರಿನ ಕಡೆ ಗೆರೆಗಳು ಸಾಲುಗಟ್ಟಿದವು.

ಬಿಸಿಲು ಏರಿ ಸೋಡಾದ ಬಾಟಲಿಗಳು ತಾವೇ ಒಡೆಯುವ ಕಾಲಕ್ಕೆ ನೀಲಿ ಮಲಗಿದಳು. ಮುದ್ದತಿನ ಜ್ವರ, ಮೂರು ವಾರ ಬಿಡದೆ ಸುಡುವ ಜ್ವರ. ಎರಡನೆಯ ವಾರದ ಕೊನೆಗೆ ಅವಳಿಗೆ ನಮ್ಮ ಗುರುತು ಹತ್ತದಾಯಿತು. ಒಂದು ದಿನ ಹೊತ್ತೇರಿದ ಮೇಲೆ ದವಾಖಾನೆಯ ಡಾಕ್ಟರು ಬಂದು ನೋಡಿ, ಅಪ್ಪನನ್ನು ಬಾಗಿಲಿಗೆ ಕರೆದು ಹೇಳಿದರು: "ಜ್ವರ ತಲಿಗೆ ಏರ್ಯಾದ. ಸಂಜಿ ತನಕ ನೆತ್ತಿ ಮ್ಯಾಲ ಬರ್ಫ ಬಿಡದಂಗ ಇಡಬೇಕು. ಇವತ್ತೊಂದು ದಿನ ದಾಟಿದ್ರ ಕೂಸು ಉಳಿದೀತು."

ಊರಲ್ಲಿ ಒಂದು ಚೂರು ಬರ್ಫ ಇರಲಿಲ್ಲ. ಪೆಟ್ರೋಲು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ, ತಿಂಗಳ ಕೊನೆ. ಇಬ್ಬರೂ ಟ್ಯಾಂಕು ಅಲ್ಲಾಡಿಸಿ ಕಿವಿಯಿಟ್ಟು ಕೇಳಿದರು. ಎರಡನ್ನೂ ಕೂಡಿಸಿದರೆ ಯಾವುದಾದರೂ ಒಂದು ಗಾಡಿ ರಾಯಚೂರಿಗೆ ಹೋಗಿ ಬರುವಷ್ಟಿತ್ತು.

"ಯಾವ್ದು ಹೋಗ್ಲಿ?" ಎಂದ ಅಪ್ಪ. ಕೇಳುತ್ತಲೇ ಗೋಡೆಯ ಗೆರೆಗಳ ಕಡೆ ನೋಡಿದ.

ಖಾಜಾ ಚಾಚಾ ಗೋಡೆಯನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಾನು ನನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದೆ. ಹೇಳಿದರೆ ಅಪ್ಪ ಹೊಡೆಯುತ್ತಾನೆಂಬ ಹೆದರಿಕೆಯಲ್ಲ, ಅಪ್ಪ ನನ್ನನ್ನು ಎಂದೂ ಹೊಡೆದವನಲ್ಲ. ಅಂಗಡಿಯ ಮುಂದೆ ಕೂಡಿದ್ದ ಅಷ್ಟು ಮಂದಿಯೆದುರು ಅವನ ಮುಖ ಸಣ್ಣದಾಗುತ್ತದೆ ಎಂದುಕೊಂಡೆ. ಚಿಂತೆಯವರ ಹಣೆಬರಹವೇ ಇಷ್ಟು. ಸಣ್ಣದಕ್ಕೆ ಚಿಂತಿಸುತ್ತ ದೊಡ್ಡದನ್ನು ಬಿಟ್ಟುಬಿಡುತ್ತಾರೆ.

"ಟಗರೇ ಹೋಗ್ಲಿ ಶರಣಪ್ಪ," ಎಂದರು ಚಾಚಾ. "ಮುನ್ಸೀಫ್ ಸಾಹೇಬ್ರ ತೀರ್ಪು ಅದಲ್ಲ."

ಎಮ್ಮಿಯ ಟ್ಯಾಂಕಿಗೆ ಕೊಳವೆ ಇಟ್ಟು ತಾವೇ ಬಾಯಿಯಿಂದ ಎಳೆದರು, ಪೆಟ್ರೋಲು ಉಗುಳಿದರು. ಕೊನೆಯ ಹನಿಗಾಗಿ ಅಷ್ಟು ಭಾರದ ಗಾಡಿಯನ್ನು ಒಬ್ಬರೇ ಒಂದು ಮಗ್ಗುಲಿಗೆ ಬಾಗಿಸಿ ಹಿಡಿದರು. ಅವ್ವ ತನ್ನ ಕೌದಿ ಕೊಟ್ಟಳು, ಬರ್ಫಿಗೆ ಸುತ್ತಲು. ಅಪ್ಪ ಹೋದ.

ಉಳಿದ ದಿನಗಳಲ್ಲಿ ಅವರು ತಂದದ್ದು ಬೆಳಗಿನ ತಂಪಿನಲ್ಲಿ. ಅಂದು ನೆತ್ತಿಯ ಮೇಲೆ ಸೂರ್ಯ, ಕ್ಯಾರಿಯರಿನ ಕೆಳಗೆ ಕೆಂಪಗೆ ಕಾದ ಸೈಲೆನ್ಸರು. ಮೂರು ಗಂಟೆಯ ಹೊತ್ತಿಗೆ ಫಟ್ ಫಟ್ ಕೇಳಿದಾಗ ಅವ್ವ ನೀಲಿಯ ಕಿವಿಯಲ್ಲಿ, "ಬಂತು ನೋಡವ್ವಾ, ಬರ್ಫ ಬಂತು," ಎಂದಳು. ಅಪ್ಪ ಗಂಟು ಬಿಚ್ಚಿದ. ಕೌದಿಯಿಂದ ನೀರು ಧಾರೆಯಾಗಿ ಸುರಿಯಿತು. ಮಡಿಕೆ ಬಿಚ್ಚಿದ, ಮತ್ತೊಂದು ಮಡಿಕೆ, ಮತ್ತೊಂದು. ನಡುವೆ ತೆಂಗಿನಕಾಯಿಯಷ್ಟು ಒಂದು ತುಂಡು.

ಅಪ್ಪ, ರೂಢಿಯೋ ಏನೋ, ನನ್ನ ಕಡೆ ತಿರುಗಿ, "ಎಷ್ಟದ ನೋಡವ್ವಾ," ಎಂದ.

ನಾನು ಕೈಯಿಟ್ಟೆ. ಮುದುಡಲಿಲ್ಲ, ಹಿಗ್ಗಿಸಲೂ ಇಲ್ಲ. ಅರ್ಧ ಗೇಣು. ಚಾಚಾ ಗೋಡೆಯ ಕಡೆ ಮುಖ ಮಾಡಿ ನಿಂತರು.

ಆ ಅರ್ಧ ಗೇಣು ಒಂದು ತಾಸು ಬಂತು. ಆ ತಾಸಿನಲ್ಲಿ ನೀಲಿ ಕಣ್ಣು ತೆರೆದಳು, ನನ್ನ ಗುರುತು ಹಿಡಿದಳು. ಒಂದು ಚೂರು ತುಟಿಗೆ ಇಟ್ಟಾಗ "ಕಿಸೆದಾಗ ಇಡು, ನಾಳಿಗಿ" ಎಂದಳು. ನಾನು ಇಟ್ಟೆ. ಬರ್ಫ ಮುಗಿಯಿತು. ಜ್ವರ ತಿರುಗಿ ಏರಿತು. ಒದ್ದೆ ಬಟ್ಟೆ, ಹರವಿಯ ನೀರು, ಈರುಳ್ಳಿ, ಚಾಚಾ ದರ್ಗಾದಿಂದ ತಂದ ನೀರು, ಯಾವುದೂ ಹಿಡಿಯಲಿಲ್ಲ. ಮರುದಿನ ಹೊತ್ತು ಮೂಡುವ ಮೊದಲೇ ಹೋದಳು. "ಬರ್ಫ ಇದ್ರೂ ಹೇಳಾಕ ಆಗ್ತಿರಲಿಲ್ಲ," ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಹೇಳಲು ಆಗುತ್ತಿರಲಿಲ್ಲ ಎಂದರೆ ಉಳಿಯುತ್ತಿರಲಿಲ್ಲ ಎಂದಲ್ಲ. ನಾನು ಆ ಮಾತನ್ನು ನಲವತ್ತು ವರ್ಷ ತಿರುವಿ ಹಾಕಿದ್ದೇನೆ.

ಆಮೇಲೆ ಯಾರೂ ಯಾರ ಗಾಡಿಯನ್ನೂ ಒರೆಸಲಿಲ್ಲ. ಅಪ್ಪ ಗೋಡೆಗೆ ಸುಣ್ಣ ಹೊಡೆಸಿದ. ಮಳೆಗಾಲಕ್ಕೆ ಮೊದಲೇ ಚಾಚಾ ಅಂಗಡಿ ಮುಚ್ಚಿ ದೇವದುರ್ಗಕ್ಕೆ ಹೋದರು.

ನನಗೆ ರಾಯಚೂರಿನಲ್ಲಿ ಮಾಸ್ತರಿಕೆ ಸಿಕ್ಕ ವರ್ಷ ಧೈರ್ಯ ಮಾಡಿ ಬಸ್ಸು ಹತ್ತಿದೆ. ಗಬ್ಬೂರು ದಾಟುವವರೆಗೂ ಇಳಿದುಬಿಡಲೇ ಎಂದುಕೊಳ್ಳುತ್ತಲೇ ಇದ್ದೆ. ಚಾಚಾ ಅವರ ಅಂಗಳದಲ್ಲಿ ಎಮ್ಮಿ ನಿಂತಿತ್ತು, ಟಯರು ಇಲ್ಲದೆ. ಸೈಡ್‌ಕಾರಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಚಾಚಾ, ನಾ ಗೇಣು ಸುಳ್ಳು ಅಳದಿದ್ದೆ."

"ಗೊತ್ತದ ಬೇಟಿ."

"ಮತ್ತ ಆವತ್ತು ನೀವ್ಯಾಕ ಹೇಳಲಿಲ್ರಿ?"

ಅವರು ಕೋಳಿಯನ್ನೇ ನೋಡುತ್ತ ಕೂತರು. "ನೀ ಹೇಳ್ತಿ ಅಂತ ಕಾದೆ. ನೀ ಸುಮ್ಮನಾದಿ. ಒಳಗ ಕೂಸು ಸಾಯಾಕತ್ತಾದ, ಹೊರಗ ನಿಂತು ನನ್ನ ಗಾಡಿನೇ ಚಲೋ ಅಂತ ನಾ ಹೆಂಗ ಅನ್ನಲಿ?" ಕೋಳಿಯ ಮುಂದೆ ನಾಲ್ಕು ಕಾಳು ಚೆಲ್ಲಿ, "ಅನ್ನಬೇಕಿತ್ತು," ಎಂದರು. ಆಮೇಲೆ: "ನಿಮ್ಮಪ್ಪಗ ಹೇಳಿಯೇನು?"

"ಇಲ್ರಿ."

"ಹೇಳಬ್ಯಾಡ. ಅವ ತಾಳಂಗಿಲ್ಲ."

ಹಿರಿಯರ ಮಾತನ್ನು ಅಷ್ಟು ವಿಧೇಯಳಾಗಿ ನಾನು ಇನ್ನೆಂದೂ ಪಾಲಿಸಿಲ್ಲ.

ಆದರೆ ಅಪ್ಪ ಪ್ರತಿ ಬೇಸಿಗೆ ಒಂದೇ ಮಾತು ಹೇಳುತ್ತಿದ್ದ. "ಕಲ್ಲೂರಾಗ ಬಾವಿ ಹತ್ರ ಗಾಡಿ ನಿಲ್ಲಿಸಿ ನೀರು ಕುಡದ್ನೆವ್ವಾ. ಎರಡು ಬೊಗಸಿ. ಅಲ್ಲೇ ತಡ ಆತು. ಗಾಡಿದು ತಪ್ಪಿಲ್ಲ. ನಿನ್ನ ಅಳತಿಯಾಗ ಟಗರು ಸೋತದ್ದು ಕಡಿಮಿ." ನಾನು, "ಎರಡು ಬೊಗಸಿಗೆ ಏನಾಗ್ತದ, ಬಿಡಪ್ಪಾ," ಎನ್ನುತ್ತಿದ್ದೆ. ಅಷ್ಟಕ್ಕೇ ಮುಗಿಸುತ್ತಿದ್ದೆ. ಆ ದಿನದ ಮೇಲೆ ಅಪ್ಪ ಎಷ್ಟೇ ಬಿಸಿಲಿರಲಿ, ದಾರಿಯಲ್ಲಿ ಎಂದೂ ನೀರು ಕುಡಿಯಲಿಲ್ಲ. ಹಾಗೆಯೇ ಹೋದ.

ಈಗ ಚಾಚಾ ಇಲ್ಲ, ಅಪ್ಪ ಇಲ್ಲ. ಟಗರು ಗುಜರಿಗೆ ಹೋಯಿತು. ರಸ್ತೆಯ ತುಂಬ ಫಟಫಟಿಗಳು; ಒಂದರ ಸದ್ದು ಇನ್ನೊಂದರಂತೆ, ಯಾರದು ಬಂತೆಂದು ಯಾರೂ ಕಿವಿಗೊಡುವುದಿಲ್ಲ. ಬರ್ಫ ಮಾತ್ರ ಮನೆಮನೆಯಲ್ಲೂ ಇದೆ. ಮಕ್ಕಳು ಅದನ್ನು ಕಟಕಟ ಕಡಿಯುತ್ತಾರೆ, ಉಳಿದದ್ದನ್ನು ಮೋರಿಗೆ ಚೆಲ್ಲುತ್ತಾರೆ.

ಪ್ರತಿ ಬೇಸಿಗೆ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಫ್ರಿಜ್ಜಿನಿಂದ ತೆಂಗಿನಕಾಯಿಯಷ್ಟು ಬರ್ಫ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಿಸಿಲಿಗೆ ಇಡುತ್ತೇನೆ. ಬೊಗಸೆಯಲ್ಲಿ ನೀರು ಹಿಡಿದು ಕುಡಿಯುತ್ತೇನೆ, ಎರಡು ಸಲ, ನಿಧಾನವಾಗಿ. ಆಮೇಲೆ ಬಿಚ್ಚಿ ಅಳೆಯುತ್ತೇನೆ. ಒಂದು ಬೆರಳೂ ಕಡಿಮೆಯಾಗಿರುವುದಿಲ್ಲ. ಎಷ್ಟೋ ವರ್ಷ ಪರೀಕ್ಷಿಸಿ ನೋಡಿದ್ದೇನೆ. ಅಪ್ಪನಿಗೆ ಹೇಳಬೇಕಿತ್ತು.