ಅಣೆಕಟ್ಟೆಗೆ ಒಯ್ದ ನೀರು

ನಾಚಿಕೆಯಿಂದ ಇದನ್ನು ಹೇಳದೆ ಇಷ್ಟು ದಿನ ತಳ್ಳಿದೆ. ಮನೆಮಂದಿಯೆಲ್ಲ ಟ್ರ್ಯಾಕ್ಟರಿನಲ್ಲಿ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಹೊರಟಿದ್ದೆವು. ಕುಣಿಗಲ್ ಬಳಿ ಟ್ರೇಲರಿನ ಹಿಂಭಾಗ ಕಟಕ್ಕೆಂದು ಬಗ್ಗಿತು. ಅಲ್ಲಿ ಕೂತಿದ್ದವರು ನನ್ನ ಹೆಂಡತಿಯ ಅಕ್ಕ, ಸ್ವಲ್ಪ ದಪ್ಪ.

"ನೀವು ಕೂತ್ರೆ ಚಾಸಿ ತಡೀತದಾ ಅತ್ತಿಗೆ?" ಎಂದೆ. ಎಲ್ಲರೂ ನಕ್ಕರು.

"ಸರಿ ಬುಡಿ, ನಾನು ಬಸ್ಸಲ್ಲೇ ಹೋಯ್ತೀನಿ," ಎಂದು ಅವರು ಇಳಿದು ಗುಬ್ಬಿಯ ತಮ್ಮ ಮನೆಗೆ ಮರಳಿದರು.

ಆಮೇಲೆ ಹಿಂದೆ ಹೋಗಿ ನೋಡಿದೆ. ಶಿರಾ ಗೇಟಿನ ಗ್ಯಾರೇಜಿನಲ್ಲಿ ನಾನೇ ಟ್ರೇಲರಿಗೆ ವೆಲ್ಡಿಂಗ್ ಮಾಡಿಸಿದ್ದ ಸಾಮಾನಿನ ಸ್ಟ್ಯಾಂಡು ಜೋತುಬಿದ್ದಿತ್ತು. ಅದರ ಮೇಲೆ ನಾನೇ ಕಟ್ಟಿದ್ದ, ಬಾಯಿಮಟ್ಟ ನೀರು ತುಂಬಿದ ಡ್ರಮ್ಮು! ಅಣೆಕಟ್ಟೆಗೆ ಮನೆಯಿಂದ ನೀರು ಹೊತ್ತ ಭೂಪ ನಾನು. ಸದ್ದಿಲ್ಲದೆ ಚೆಲ್ಲಿಬಿಟ್ಟೆ.

ಈಗಲೂ ಅತ್ತಿಗೆ ನಮ್ಮ ಮನೆಗೆ ಬರುತ್ತಾರೆ. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ ಕೂರುತ್ತಾರೆ. ನಾನಿನ್ನೂ ಕ್ಷಮೆ ಕೇಳಿಲ್ಲ. ಅವರ ಹೆಸರು ಸಾವಿತ್ರಮ್ಮ.